ಪರಾಗ್ವೆಯ ಮೇಲ್ಮನವಿ

ಅಣಕು ವಿಶ್ವಸಂಸ್ಥೆಯಲ್ಲಿ 'ನಾನು' ಎನ್ನುವಂತಿಲ್ಲ. ಎದ್ದು ನಿಂತವರು 'ಕೆನ್ಯಾ ಹೀಗೆ ಭಾವಿಸುತ್ತದೆ', 'ಪೋಲೆಂಡ್ ಇದನ್ನು ಒಪ್ಪುವುದಿಲ್ಲ' ಎನ್ನಬೇಕು. ಬಾಯಿ ತಪ್ಪಿ 'ನನಗನ್ನಿಸುತ್ತೆ' ಎಂದುಬಿಟ್ಟರೆ ಅಧ್ಯಕ್ಷರು ಮರದ ಸುತ್ತಿಗೆಯಿಂದ ಮೇಜು ತಟ್ಟಿ ತಿದ್ದುತ್ತಾರೆ. ಹದಿನಾರು ಹದಿನೇಳರ ಮಕ್ಕಳು, ಅದರಲ್ಲಿ ಅರ್ಧದಷ್ಟು ಜನ ಅಪ್ಪನ ಕೋಟು ಹಾಕಿಕೊಂಡು ಬಂದವರು, ಮೂರು ದಿನ ತಮ್ಮನ್ನೇ ಮರೆತು ಒಂದೊಂದು ದೇಶವಾಗಿ ಮಾತಾಡುವುದೆಂದರೆ ಹುಡುಗಾಟವಲ್ಲ. ಬೆರಿಟ್ ಸ್ಯಾಂಡ್‌ವಿಕ್‌ಗೆ ಮಾತ್ರ ಈ ನಿಯಮ ಎಂದೂ ಕಷ್ಟವೆನಿಸಿರಲಿಲ್ಲ. ತನಗೆ ಏನು ಬೇಕೆಂದು ಬಾಯಿಬಿಟ್ಟು ಹೇಳದೆ ಇರುವುದು ಅವಳಿಗೆ ಚಿಕ್ಕಂದಿನಿಂದ ರೂಢಿಯಾಗಿತ್ತು.

ಈಗ ಅವಳಿಗೆ ಇಪ್ಪತ್ತು, ವಿಶ್ವವಿದ್ಯಾಲಯದಲ್ಲಿ ಮೂರನೇ ವರ್ಷ. ಪ್ರತಿ ಫೆಬ್ರವರಿಯಲ್ಲಿ ಅವಳ ವಿಶ್ವವಿದ್ಯಾಲಯದವರು ಮಿನ್ನೆಸೋಟ ರಾಜ್ಯದ ಮಿನ್ನಿಯಾಪೊಲಿಸ್‌ನ ಹೋಟೆಲೊಂದರಲ್ಲಿ ಹೈಸ್ಕೂಲು ಮಕ್ಕಳಿಗೆ ನಡೆಸುವ ಸಮ್ಮೇಳನದಲ್ಲಿ ಸಾಗರ ಸಮಿತಿಗೆ ಅವಳೇ ಅಧ್ಯಕ್ಷೆ. ನಲವತ್ತು ದೇಶ, ಮೂರು ದಿನ, ಒಂದೇ ವಿಷಯ: ಮೀನುಗಾರರು ಸಮುದ್ರದಲ್ಲಿ ಬಿಟ್ಟುಹೋಗುವ ಹರಕು ಬಲೆಗಳನ್ನು ಏನು ಮಾಡುವುದು. ಒಳ್ಳೆಯ ಅಧ್ಯಕ್ಷೆ ಎಂದು ಅವಳಿಗೆ ಹೆಸರಿತ್ತು. ಯಾರ ಕಡೆಗೂ ವಾಲುವವಳಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಮನೆಯಲ್ಲಾದರೆ ಇದನ್ನು ಪುಕ್ಕಲುತನ ಎಂದು ಬೈಯುತ್ತಾರೆ, ಪೀಠದ ಮೇಲೆ ಕೂತರೆ ಅದೇ ನಿಷ್ಪಕ್ಷಪಾತ ಆಗುತ್ತದೆ. ಸಂಘಟಕರಿಗೆ ಅಂಥವರೇ ಬೇಕಿದ್ದರು, ಎರಡು ವರ್ಷದಿಂದ ಅವಳನ್ನೇ ಕೂರಿಸುತ್ತಿದ್ದರು.

ಸಮ್ಮೇಳನಕ್ಕೆ ಎರಡು ವಾರ ಇರುವಾಗ ಪ್ರತಿನಿಧಿಗಳ ಪಟ್ಟಿ ಬಂತು. ಬೆರಿಟ್ ಅದನ್ನು ಕೆಫೆಯಲ್ಲಿ ಕೂತು ಓದುತ್ತಿದ್ದಳು. ಪನಾಮ ದಾಟಿ ಪರಾಗ್ವೆಗೆ ಬಂದಾಗ ಕೈಯಲ್ಲಿದ್ದ ಕಾಫಿ ಅಲ್ಲೇ ನಿಂತಿತು. ಪರಾಗ್ವೆ: ಟೋವಾ ಗ್ರೋಗನ್, ಡುಲೂತ್. ಗ್ರೋಗನ್ ಎಂಬುದು ಅವಳ ತಾಯಿಯ ತವರಿನ ಹೆಸರು. ಈಗ ಅದನ್ನೇ ಇಟ್ಟುಕೊಂಡಿರುವ ಟೋವಾ ಅವಳ ಒಡಹುಟ್ಟಿದ ತಂಗಿ. ಮೂರು ವರ್ಷದಿಂದ ಅಕ್ಕನ ಜೊತೆ ಮಾತು ಬಿಟ್ಟಿರುವ ತಂಗಿ.

ಪಟ್ಟಿಯ ಜೊತೆ ಒಂದು ನಮೂನೆಯೂ ಬಂದಿತ್ತು. 'ನಿಮ್ಮ ಸಮಿತಿಯಲ್ಲಿ ನಿಮ್ಮ ಸಂಬಂಧಿಕರು ಯಾರಾದರೂ ಇದ್ದಾರೆಯೇ? ಹೌದು. ಇಲ್ಲ.' ಹೌದು ಎಂದರೆ ತನ್ನನ್ನು ಬೇರೆ ಸಮಿತಿಗೆ ಹಾಕುತ್ತಾರೆ, ಇನ್ನೊಂದು ಮಹಡಿಗೆ. ಇಲ್ಲ ಎಂದರೆ ಸುಳ್ಳಾಗುತ್ತದೆ. ಬೆರಿಟ್ ಎರಡಕ್ಕೂ ಗುರುತು ಹಾಕದೆ, ಕೆಳಗೆ ಸಹಿ ಮಾತ್ರ ಮಾಡಿ ಕಳಿಸಿದಳು. ಯಾರೂ ಗಮನಿಸಲಿಲ್ಲ.

ಮೂರು ದಿನ ಟೋವಾ ತನ್ನ ಜೊತೆ ಒಂದೇ ಕೋಣೆಯಲ್ಲಿ ಇರುತ್ತಾಳೆ. ಶನಿವಾರ ಸಂಜೆ ಐದಕ್ಕೆ ಡುಲೂತ್ ಬಸ್ಸು ಹೊರಡುವುದರೊಳಗೆ ಅವಳು ತನ್ನ ಜೊತೆ ಒಂದೇ ಒಂದು ಮಾತಾಡಿದರೂ ಸಾಕು. ಬೆರಿಟ್ ಬಯಸಿದ್ದು ಇಷ್ಟೇ.

*

ಅದೇ ರಾಜ್ಯದ ಉತ್ತರಕ್ಕೆ, ಸರೋವರದ ದಡದಲ್ಲಿರುವ ಡುಲೂತ್‌ನ ಮನೆಯಲ್ಲಿ ಟೋವಾಗೆ ಈ ನಿಯಮಗಳನ್ನೆಲ್ಲ ಕಲಿಸಿದವಳು ಬೆರಿಟ್ಟೇ. ಆಗ ತಂಗಿಗೆ ಹನ್ನೊಂದು, ಅಕ್ಕ ಹೈಸ್ಕೂಲಿಗೆ ಸೇರಿ ಮೊದಲ ಸಮ್ಮೇಳನಕ್ಕೆ ಹೋಗಿಬಂದಿದ್ದಳು. ಆಮೇಲೆ ಆ ಮನೆಯಲ್ಲಿ ಊಟದ ಮೇಜು ಮೊದಲಿನಂತೆ ಉಳಿಯಲಿಲ್ಲ. 'ಮಲಗುವ ಹೊತ್ತನ್ನು ಹತ್ತು ನಿಮಿಷ ಮುಂದೂಡಬೇಕೆಂದು ಸೂಚನೆ' ಎಂದು ಟೋವಾ ಚಮಚ ಎತ್ತುತ್ತಿದ್ದಳು. 'ಅನುಮೋದಿಸುವವರು?' ಎಂದು ಅಪ್ಪ ಗಂಭೀರವಾಗಿ ಕೇಳುತ್ತಿದ್ದ. ಅದಿರು ಸಾಗಿಸುವ ಹಡಗಿನಲ್ಲಿ ಅವನಿಗೆ ಕೆಲಸ, ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದಾಗ ಮಾತ್ರ ಮನೆಯಲ್ಲಿರುತ್ತಿದ್ದ. ಅಮ್ಮ, ಆಸ್ಪತ್ರೆಯಿಂದ ಸೋತು ಬಂದ ನರ್ಸು, 'ಪಾತ್ರೆ ತೊಳೆಯೋ ಸೂಚನೆ ಯಾರೂ ಮಂಡಿಸಲ್ವಾ ಈ ಮನೇಲಿ?' ಎಂದು ಗೊಣಗುತ್ತಿದ್ದಳು. ಅಂಥ ಮನೆಯೂ ಒಡೆಯಿತು.

ಅಪ್ಪ ಅಮ್ಮ ಬೇರೆಯಾಗುವಾಗ ಮಕ್ಕಳ ಮನಸ್ಸು ತಿಳಿಯಲು ನ್ಯಾಯಾಲಯ ಒಬ್ಬ ಹೆಂಗಸನ್ನು ಕಳಿಸಿತು. ಹಿಂದಿನ ದಿನ ಅಕ್ಕತಂಗಿ ಇಬ್ಬರೂ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರದ ಮೇಲೆ ಕೂತು ಒಪ್ಪಂದ ಮಾಡಿಕೊಂಡಿದ್ದರು. ಯಾರ ಹತ್ತಿರ ಇಟ್ಟರೂ ಸರಿ, ಇಬ್ಬರನ್ನೂ ಒಟ್ಟಿಗೆ ಇಡಿ ಎಂದು ಇಬ್ಬರೂ ಒಂದೇ ಮಾತು ಹೇಳುವುದು. ಹದಿನಾಲ್ಕರ ಟೋವಾ ಒಳಗೆ ಹೋಗಿ ಅದನ್ನೇ ಹೇಳಿ ಬಂದಳು. ಆಮೇಲೆ ಬೆರಿಟ್ ಹೋದಳು. ಬಾಗಿಲಿನ ಗಾಜಿನಾಚೆ ಅಪ್ಪ ಟೋಪಿ ತಿರುಗಿಸುತ್ತ ನಿಂತಿದ್ದ, ಇನ್ನೊಂದು ಮೂಲೆಯಲ್ಲಿ ಅಮ್ಮ. ಟೋವಾ ಅಮ್ಮನನ್ನು ಬಿಟ್ಟು ಇರುವವಳಲ್ಲ, ಒಟ್ಟಿಗೆ ಇಡಿ ಎಂದರೆ ಅಪ್ಪ ಒಬ್ಬನೇ ಆಗುತ್ತಾನೆ. ಇದೆಲ್ಲ ಒಂದು ಕ್ಷಣದಲ್ಲಿ ಬೆರಿಟ್‌ಳ ತಲೆಯಲ್ಲಿ ಹಾದುಹೋಯಿತು. 'ನಿನಗೆ ಯಾರ ಜೊತೆ ಇರೋಕೆ ಇಷ್ಟ?' ಎಂದು ಆ ಹೆಂಗಸು ಕೇಳಿದಾಗ, 'ನನಗೆ ಹೇಗಾದರೂ ಸರಿ' ಎಂದಳು.

ಹೇಗಾದರೂ ಸರಿ ಎಂದವರನ್ನು ಹೇಗೆ ಬೇಕಾದರೂ ಹಂಚಬಹುದು. ಒಬ್ಬಳು ತಾಯಿಗೆ, ಒಬ್ಬಳು ತಂದೆಗೆ ಎಂದು ಹಂಚಿದರು. ಬೆರಿಟ್ ಅಪ್ಪನ ಜೊತೆ ಸೇಂಟ್ ಕ್ಲೌಡ್ ಊರಿಗೆ ಹೋದಳು, ಅಲ್ಲಿಂದ ವಿಶ್ವವಿದ್ಯಾಲಯಕ್ಕೆ. ಅವಳು ಒಳಗೆ ಏನು ಹೇಳಿದಳೆಂದು ಟೋವಾಗೆ ಹೇಗೋ ಗೊತ್ತಾಯಿತು. ಅಂದಿನಿಂದ ಹುಟ್ಟುಹಬ್ಬದ ಕಾರ್ಡಿಗೆ ಉತ್ತರವಿಲ್ಲ, ಫೋನಿಗೆ ಉತ್ತರವಿಲ್ಲ. ಕ್ರಿಸ್‌ಮಸ್‌ಗೆ ಬೆರಿಟ್ ಬಂದರೆ ಟೋವಾ ಗೆಳತಿಯ ಮನೆಗೆ ಹೊರಟಿರುತ್ತಿದ್ದಳು. ಮಿನ್ನೆಸೋಟದವರು ಜಗಳವನ್ನೂ ಮಾತಿಲ್ಲದೆ ಆಡಬಲ್ಲರು, ಅದರಲ್ಲಿ ಅವರನ್ನು ಮೀರಿಸಿದವರಿಲ್ಲ.

*

ಗುರುವಾರ ಸಂಜೆ ಹಾಜರಿ ಕೂಗುವಾಗ ಬೆರಿಟ್ ತಲೆ ಎತ್ತಲಿಲ್ಲ. ಪಟ್ಟಿಯ ಮೇಲೆ ಬೆರಳಿಟ್ಟುಕೊಂಡು ಓದುತ್ತ ಬಂದಳು. ನಾರ್ವೆ, ಪನಾಮ.

"ಪರಾಗ್ವೆ?"

"ಹಾಜರಿದೆ, ಗೌರವಾನ್ವಿತ ಅಧ್ಯಕ್ಷರೇ."

ದನಿ ಸ್ವಲ್ಪ ದಪ್ಪವಾಗಿದೆ, ಅಮ್ಮನ ದನಿಯ ಹಾಗೆ. ಆಗ ಬೆರಿಟ್ ನೋಡಿದಳು. ನಾಲ್ಕನೇ ಸಾಲು, ಎಡತುದಿ. ಕೂದಲು ಕತ್ತರಿಸಿಕೊಂಡಿದ್ದಾಳೆ. ಕಪ್ಪು ಕೋಟಿನ ಕೆಳಗೆ ಇನ್ನೂ ಹಿಮದ ಬೂಟು, ಎಲ್ಲ ಹುಡುಗಿಯರೂ ಹೊರಗಿನ ಪಡಸಾಲೆಯಲ್ಲಿ ಕೂತು ಚಪ್ಪಲಿ ಬದಲಿಸಿದ್ದರೂ ಇವಳು ಬದಲಿಸಿಲ್ಲ. ಮುಖದಲ್ಲಿ ಪರಿಚಯದ ಗುರುತೇ ಇಲ್ಲ. ಬೆರಿಟ್ ಮುಂದಿನ ಹೆಸರು ಓದುವುದನ್ನು ಮರೆತು ಕೂತಳು. ಪಕ್ಕದಲ್ಲಿದ್ದ ಉಪಾಧ್ಯಕ್ಷೆ ಹೊದಾನ್ ಮೇಜಿನ ಕೆಳಗೆ ಕಾಲಿನಿಂದ ತಿವಿದಳು.

"ಪೆರು ಕಣೇ, ಪೆರು. ನಿದ್ದೆ ಬಂತಾ?"

ಹೊದಾನ್ ವರ್ಸಾಮೆ ಸೊಮಾಲಿ ಮನೆತನದ ಹುಡುಗಿ, ವಕೀಲಿ ಓದುವ ಆಸೆಯವಳು, ಬೆರಿಟ್‌ಗೆ ಮೊದಲ ವರ್ಷದಿಂದ ಗೆಳತಿ. ಅವಳ ನಾಲಿಗೆಗೆ ಸಿಕ್ಕವರು ಸುಲಭವಾಗಿ ಬಿಡಿಸಿಕೊಳ್ಳುವಂತಿರಲಿಲ್ಲ. ಟೋವಾ ವಿಷಯ ಅವಳಿಗೂ ಬೆರಿಟ್ ಹೇಳಿರಲಿಲ್ಲ.

ಸಮುದ್ರದ ಸಮಿತಿಯಲ್ಲಿ ಪರಾಗ್ವೆಗೆ ಏನು ಕೆಲಸ ಎಂದು ಮೊದಲ ದಿನವೇ ನಗೆ ಎದ್ದಿತು. ಪರಾಗ್ವೆಗೆ ಸಮುದ್ರವೇ ಇಲ್ಲ. ನಾರ್ವೆಯ ಹುಡುಗ, ಕೂದಲಿಗೆ ಎಣ್ಣೆ ಹಾಕಿ ಹಿಂದೆ ಬಾಚಿದವನು, ಎದ್ದು ನಿಂತು, "ಪರಾಗ್ವೆ ಬಲೆ ಹಾಕೋದಾದ್ರೂ ಎಲ್ಲಿ? ಬಚ್ಚಲಲ್ಲಾ?" ಎಂದ. ಬೆರಿಟ್ ಸುತ್ತಿಗೆ ಎತ್ತುವ ಮೊದಲೇ ಟೋವಾ ದೇಶದ ಹೆಸರು ಬರೆದ ಫಲಕ ಎತ್ತಿ, ಅವಕಾಶ ಪಡೆದು, ನಿಧಾನವಾಗಿ ಹೇಳಿದಳು.

"ನಾರ್ವೆಯ ಪ್ರತಿನಿಧಿ ಮನೇಲಿ ನಲ್ಲಿ ತಿರುಗಿಸಿದ್ರೆ ಸಮುದ್ರ ಬರುತ್ತೇನೋ, ಪರಾಗ್ವೆಗೆ ಗೊತ್ತಿಲ್ಲ. ಪರಾಗ್ವೆಗೆ ಗೊತ್ತಿರೋದು ನದಿ. ಪರಾಗ್ವೆ ಬಿಸಾಕಿದ್ದು ಎಲ್ಲಾ ಕೊನೆಗೆ ಹೋಗಿ ಸೇರೋದು ಸಮುದ್ರಕ್ಕೇನೇ. ಕಸ ಮಾತ್ರ ಸಮುದ್ರಕ್ಕೆ ಹೋಗಬಹುದು, ಮಾತು ಹೋಗಬಾರದು ಅಂದ್ರೆ ಯಾವ ನ್ಯಾಯ?"

ಕೋಣೆಯೆಲ್ಲ ಮೇಜು ಬಡಿಯಿತು. ಬೆರಿಟ್‌ಗೆ ಎದೆ ಉಬ್ಬಿತು, ಅದನ್ನು ಮರೆಮಾಡಲು ನೀರಿನ ಲೋಟ ಎತ್ತಿಕೊಂಡಳು.

"ಈ ಪರಾಗ್ವೆ ಹುಡುಗಿ ಬೆಂಕಿ ಕಣೇ," ಎಂದು ಹೊದಾನ್ ಪಿಸುಗುಟ್ಟಿದಳು. "ಬರೆದಿಟ್ಕೋ, ಪ್ರಶಸ್ತಿ ಇವಳಿಗೇ. ನೀನು ಬೇಡ ಅಂದ್ರೂ ನಾನು ಕೊಡಿಸ್ತೀನಿ."

ಆ ಮಾತು ಬೆರಿಟ್‌ಗೆ ಚಳಿ ಹುಟ್ಟಿಸಿತು. ಪ್ರಶಸ್ತಿ ಕೊಡುವವಳು ತಾನು. ನಾಳೆ ಯಾರಾದರೂ ಇಬ್ಬರೂ ಅಕ್ಕತಂಗಿ ಎಂದು ಕಂಡುಹಿಡಿದರೆ, ತನ್ನ ಮಾನ ಹೋಗುವುದಿರಲಿ, ಟೋವಾಳ ಕೈಯಿಂದ ಪ್ರಶಸ್ತಿ ಕಿತ್ತುಕೊಳ್ಳುತ್ತಾರೆ. ಈಗ ಹೋಗಿ ನಿಜ ಹೇಳಿದರೆ ತನ್ನನ್ನು ಬೇರೆ ಮಹಡಿಗೆ ಕಳಿಸುತ್ತಾರೆ. ಅತ್ತ ದರಿ, ಇತ್ತ ಪುಲಿ. ಬೆರಿಟ್ ಎಂದಿನಂತೆ ಎರಡನ್ನೂ ಮಾಡಲಿಲ್ಲ. ಯಾರೂ ಪಕ್ಷಪಾತ ಎನ್ನಬಾರದು ಎಂದುಕೊಂಡು ಶುಕ್ರವಾರ ಬೆಳಿಗ್ಗೆಯಿಂದ ಪರಾಗ್ವೆಯ ಫಲಕ ಕಂಡರೂ ಪಕ್ಕದವರನ್ನು ಕರೆಯತೊಡಗಿದಳು.

ಇದಿಷ್ಟೇ ಆಗಿದ್ದರೆ ಅವಳನ್ನು ಹೆದರುಪುಕ್ಕಲಿ ಎಂದು ಬಿಟ್ಟುಬಿಡಬಹುದಿತ್ತು. ಆದರೆ ಒಳಗೆ ಇನ್ನೊಂದಿತ್ತು, ಅದನ್ನು ಅವಳು ತನಗೂ ಹೇಳಿಕೊಂಡಿರಲಿಲ್ಲ. ಕರೆದರೆ ಟೋವಾ ಎದ್ದು ಸಭೆಯನ್ನು ನೋಡಿ ಮಾತಾಡುತ್ತಾಳೆ, ಮುಗಿಸಿ ಕೂರುತ್ತಾಳೆ. ಕರೆಯದಿದ್ದರೆ ಫಲಕ ಎತ್ತಿ ಹಿಡಿದುಕೊಂಡು ಅಧ್ಯಕ್ಷರನ್ನೇ ನೋಡುತ್ತಾಳೆ. ಕೈ ನೋಯುವವರೆಗೂ ನೋಡುತ್ತಾಳೆ. ಮೂರು ವರ್ಷದಿಂದ ಆ ಕಣ್ಣು ಬೆರಿಟ್‌ಳ ಕಡೆ ತಿರುಗಿರಲಿಲ್ಲ. ಕೋಪದಿಂದಲೇ ನೋಡಲಿ, ನೋಡುತ್ತಿದ್ದಾಳಲ್ಲ ಎಂದು ಅವಳ ಜೀವ ಹಂಬಲಿಸುತ್ತಿತ್ತು. ಹೀಗೆ ಬೆರಿಟ್ ಉರುಗ್ವೆಯನ್ನು ಕರೆದಳು, ಘಾನಾವನ್ನು ಕರೆದಳು, ಮಾತಾಡಲು ಏನೂ ಇಲ್ಲದ ಬೆಲ್ಜಿಯಂ ಅನ್ನು ಎರಡು ಸಲ ಕರೆದಳು.

ಶುಕ್ರವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಸ್ಯಾಂಡ್‌ವಿಚ್ ಮೇಜಿನ ಹತ್ತಿರ ಟೋವಾ ಒಬ್ಬಳೇ ನಿಂತಿದ್ದಳು. ಟರ್ಕಿ ಕೋಳಿ ಮಾಂಸದ್ದನ್ನು ಬದಿಗಿಟ್ಟು ಚೀಸಿನದನ್ನು ಹುಡುಕುತ್ತಿದ್ದಳು. ಬೆರಿಟ್ ಧೈರ್ಯ ಮಾಡಿ ಪಕ್ಕಕ್ಕೆ ಹೋದಳು.

"ಚೀಸಿಂದು ಆ ಕಡೆ ತಟ್ಟೇಲಿದೆ," ಎಂದಳು. ಮೂರು ವರ್ಷ ಮನಸ್ಸಿನಲ್ಲಿ ಕಟ್ಟಿಟ್ಟುಕೊಂಡ ಮಾತುಗಳಲ್ಲಿ ಬಾಯಿಗೆ ಬಂದಿದ್ದು ಇದೊಂದೇ.

ಟೋವಾ ತಿರುಗದೆ, "ಊಟದ ಹೊತ್ತಲ್ಲಿ ಅಧ್ಯಕ್ಷರು ಒಬ್ಬ ಪ್ರತಿನಿಧಿ ಜೊತೆ ಮಾತ್ರ ಮಾತಾಡಿದ್ರೆ ಜನ ಏನಂದ್ಕೋತಾರೆ?" ಎಂದಳು. "ಅಧ್ಯಕ್ಷರಿಗೆ ಎಲ್ಲರೂ ಒಂದೇ ಅಲ್ವಾ? ಹೇಗಾದ್ರೂ ಸರಿ ಅಲ್ವಾ ನಿಮಗೆ?"

ನಿಮಗೆ ಎಂದಳು. ಸ್ಯಾಂಡ್‌ವಿಚ್ ತೆಗೆದುಕೊಳ್ಳದೆಯೇ ಹೊರಟುಹೋದಳು. ಬೆರಿಟ್ ಚೀಸಿನ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು, ಯಾರೋ ಹುಡುಗ ಬಂದು 'ತಗೋಬಹುದಾ?' ಎಂದು ಕೇಳುವವರೆಗೆ.

*

ಶನಿವಾರ ಮಧ್ಯಾಹ್ನ ಮೂರು ಗಂಟೆ. ಕೊನೆಯ ಅಧಿವೇಶನ. ಕರಾವಳಿ ದೇಶಗಳೆಲ್ಲ ಸೇರಿ ಬರೆದ ನಿರ್ಣಯ ಮತಕ್ಕೆ ಸಿದ್ಧವಾಗಿತ್ತು. ಅದಕ್ಕೆ ಒಂದೇ ಒಂದು ತಿದ್ದುಪಡಿ ಬಂದಿತ್ತು: ಬಲೆಗಳ ವಿಷಯದಲ್ಲಿ ನದಿಯ ದೇಶಗಳಿಗೂ ಜವಾಬ್ದಾರಿ ಇರಲಿ, ಮಾತಾಡುವ ಹಕ್ಕೂ ಇರಲಿ. ಅದು ಪರಾಗ್ವೆಯದು. ಟೋವಾ ಎರಡು ದಿನ ಮೇಜಿನಿಂದ ಮೇಜಿಗೆ ಓಡಾಡಿ, ಬೊಲಿವಿಯದಿಂದ ಲಾವೋಸ್‌ವರೆಗೆ ಒಬ್ಬೊಬ್ಬರನ್ನೂ ಒಲಿಸಿ ಸಹಿ ಹಾಕಿಸಿದ್ದಳು. ಆದರೆ ತನ್ನ ತಿದ್ದುಪಡಿಯ ಪರವಾಗಿ ಒಂದು ನಿಮಿಷ ಮಾತಾಡಲೂ ಅವಳಿಗೆ ಅವಕಾಶ ಸಿಕ್ಕಿರಲಿಲ್ಲ. ಫಲಕ ಎತ್ತಿದಾಗಲೆಲ್ಲ ಬೆರಿಟ್‌ಳ ಕಣ್ಣು ಜಾರಿಹೋಗುತ್ತಿತ್ತು.

ನಾರ್ವೆಯ ಹುಡುಗ ಎದ್ದು, ಚರ್ಚೆ ಸಾಕು, ಮತಕ್ಕೆ ಹೋಗೋಣ ಎಂದ. ಅದೇ ಕ್ಷಣ ಟೋವಾ ಎದ್ದಳು.

"ಪರಾಗ್ವೆಯಿಂದ ಒಂದು ಸೂಚನೆ. ತಿದ್ದುಪಡಿ ಮೇಲಿನ ಚರ್ಚೆಯನ್ನ ಹತ್ತು ನಿಮಿಷ ವಿಸ್ತರಿಸಬೇಕು."

ನಿಯಮ ಪುಸ್ತಕದಲ್ಲಿ ಅಧ್ಯಕ್ಷರಿಗೆ ಒಂದು ಅಸ್ತ್ರವಿದೆ. ಯಾವುದೇ ಸೂಚನೆಯನ್ನು ಕಾಲಹರಣ ಎಂದು ಕರೆದು ಅಲ್ಲಿಗೇ ಮುಗಿಸಬಹುದು. ಬೆರಿಟ್ ಗಡಿಯಾರ ನೋಡಿದಳು, ಹೊದಾನ್ ಕಡೆ ನೋಡಿದಳು, ನಲವತ್ತು ಮುಖಗಳನ್ನು ನೋಡಿದಳು. ಈಗ ಹತ್ತು ನಿಮಿಷ ಕೊಟ್ಟರೆ ಪಕ್ಷಪಾತ ಎಂದಾರು ಎಂದು ಹೆದರಿದಳು.

"ಈ ಸೂಚನೆ ಕಾಲಹರಣ ಎಂದು ಅಧ್ಯಕ್ಷರ ತೀರ್ಪು," ಎಂದು ಸುತ್ತಿಗೆ ಬಡಿದಳು.

ಹೊದಾನ್ ಸರಕ್ಕನೆ ತಿರುಗಿದಳು. "ಏನೇ ಇದು? ಹತ್ತು ನಿಮಿಷ ಕೇಳಿದ್ಳು ಅಷ್ಟೇ ತಾನೇ? ಅವಳ ಮೇಲೆ ನಿಂಗೇನು ಹಗೆ?"

ಟೋವಾ ಕೂರಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಫಲಕವನ್ನು ಮೇಜಿನ ಮೇಲಿಟ್ಟು ಎರಡೂ ಕೈಯನ್ನು ಅದರ ಮೇಲೆ ಊರಿದಳು.

"ಅಧ್ಯಕ್ಷರ ತೀರ್ಪಿನ ವಿರುದ್ಧ ಪರಾಗ್ವೆ ಮೇಲ್ಮನವಿ ಸಲ್ಲಿಸ್ತಿದೆ."

ಪುಸ್ತಕದಲ್ಲಿ ಆ ನಿಯಮ ಇದೆ ಎಂಬುದು ಎಲ್ಲರಿಗೂ ಗೊತ್ತು, ಬಳಸಿದವರನ್ನು ಯಾರೂ ಕಂಡಿಲ್ಲ. ಅಧ್ಯಕ್ಷರನ್ನು ಎದುರು ಹಾಕಿಕೊಂಡು ಪ್ರಶಸ್ತಿ ಗೆಲ್ಲುವುದುಂಟೇ? ಮೇಲ್ಮನವಿ ಸಲ್ಲಿಸಿದವರಿಗೆ ಮೂವತ್ತು ಸೆಕೆಂಡು, ಉತ್ತರ ಕೊಡಲು ಅಧ್ಯಕ್ಷರಿಗೆ ಮೂವತ್ತು ಸೆಕೆಂಡು, ಆಮೇಲೆ ಮತ. ಮೂರು ದಿನದ ಕಲಾಪದಲ್ಲಿ ಪ್ರತಿನಿಧಿಯೂ ಅಧ್ಯಕ್ಷರೂ ಎದುರುಬದುರು ನಿಂತು ಒಬ್ಬರಿಗೊಬ್ಬರು ಉತ್ತರ ಕೊಡುವ ಜಾಗ ಅದೊಂದೇ.

ಹೊದಾನ್ ಗಡಿಯಾರ ಒತ್ತಿದಳು.

"ನಿನ್ನೆಯಿಂದ ಪರಾಗ್ವೆ ಏಳು ಸಲ ಫಲಕ ಎತ್ತಿದೆ," ಎಂದಳು ಟೋವಾ. ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. "ಅಧ್ಯಕ್ಷರಿಗೆ ಕಾಣ್ಲಿಲ್ಲ ಅಂತ ಪರಾಗ್ವೆ ಹೇಳ್ತಿಲ್ಲ. ಕಂಡಿದೆ. ಕಂಡೂ ಕರೀಲಿಲ್ಲ. ಯಾರನ್ನೂ ಆರಿಸಿಕೊಳ್ಳದೇ ಇದ್ರೆ ಯಾರಿಗೂ ನೋವಾಗಲ್ಲ ಅಂತ ಅಧ್ಯಕ್ಷರು ಅಂದ್ಕೊಂಡಿದ್ದಾರೆ. ಅದು ಸುಳ್ಳು. ಆರಿಸಿಕೊಳ್ಳದೇ ಇದ್ದಾಗ್ಲೂ ಒಬ್ರು ಹೊರಗೆ ನಿಂತಿರ್ತಾರೆ. ನಿಂತವರಿಗೆ ಗೊತ್ತು ಅದು. ಪರಾಗ್ವೆ..." ಅಲ್ಲಿ ಮಾತು ಸಿಕ್ಕಿಕೊಂಡಿತು. "ಪರಾಗ್ವೆ ತುಂಬಾ ದಿನದಿಂದ ಹೊರಗೆ ನಿಂತಿದೆ."

ಕೂತಳು. ಬಲೆಯ ವಿಷಯ ಅದರಲ್ಲಿ ಏನೂ ಇಲ್ಲ ಎಂಬುದನ್ನು ಆ ಕೋಣೆಯಲ್ಲಿ ಯಾರೂ ಗಮನಿಸಲಿಲ್ಲ, ಒಬ್ಬರನ್ನು ಬಿಟ್ಟು.

"ಅಧ್ಯಕ್ಷರು," ಎಂದಳು ಹೊದಾನ್, ಮತ್ತೆ ಗಡಿಯಾರ ಒತ್ತುತ್ತ.

ಬೆರಿಟ್ ಎದ್ದಳು. ಇಂಥ ಸಮಯಕ್ಕೆಂದೇ ಪುಸ್ತಕದಲ್ಲಿ ಒಂದು ಒಳ್ಳೆಯ ವಾಕ್ಯವಿದೆ: ಸಭೆಯ ಸಮಯದ ಹಿತದೃಷ್ಟಿಯಿಂದ ಅಧ್ಯಕ್ಷರು ತಮ್ಮ ವಿವೇಚನೆಯಂತೆ ಎಂದು ಶುರುವಾಗುತ್ತದೆ. ಅದು ಅವಳಿಗೆ ಬಾಯಿಪಾಠ. ಹೇಳಿದರೆ ಗೆಲ್ಲುತ್ತಿದ್ದಳು, ಅಧ್ಯಕ್ಷರನ್ನು ಸೋಲಿಸಲು ಮೂರರಲ್ಲಿ ಎರಡು ಪಾಲು ಮತ ಬೇಕು. ಅವಳು ಅದನ್ನು ಹೇಳಲಿಲ್ಲ.

"ಏಳಲ್ಲ," ಎಂದಳು ಬೆರಿಟ್. "ಒಂಬತ್ತು ಸಲ. ನಾನು ಎಣಿಸಿದ್ದೀನಿ."

'ನಾನು' ಎಂದದ್ದಕ್ಕೆ ಯಾರೂ ಸುತ್ತಿಗೆ ಬಡಿಯಲಿಲ್ಲ. ಸುತ್ತಿಗೆ ಅವಳ ಕೈಯಲ್ಲೇ ಇತ್ತು.

"ಒಂಬತ್ತು ಸಲಾನೂ ನೋಡಿದ್ದೀನಿ. ಪರಾಗ್ವೆ ಪ್ರತಿನಿಧಿ ನನ್ನ ತಂಗಿ. ಇದನ್ನ ಮೊದಲೇ ಹೇಳ್ಬೇಕಿತ್ತು, ಹೇಳಿದ್ರೆ ನನ್ನ ಇಲ್ಲಿಂದ ಎಬ್ಬಿಸ್ತಿದ್ರು. ಅವಳು ನನ್ನ ನೋಡ್ತಾ ಇರ್ಲಿ ಅಂತ ಅವಳನ್ನ ಕರೀಲಿಲ್ಲ. ಅವಳು ಏನೂ ತಪ್ಪು ಮಾಡಿಲ್ಲ, ನಂದೇ ತಪ್ಪು. ಈ ತೀರ್ಪು ಅನ್ಯಾಯ. ದಯವಿಟ್ಟು ಎಲ್ಲರೂ ನನ್ನ ವಿರುದ್ಧ ಮತ ಹಾಕಿ."

ಸುತ್ತಿಗೆಯನ್ನು ಹೊದಾನ್ ಮುಂದೆ ಇಟ್ಟಳು. ಹೊದಾನ್ ಎದ್ದು, ಇದು ಕಲಾಪದ ಕ್ರಮದ ಬಗೆಗಿನ ಮತವಾದ್ದರಿಂದ ಯಾರೂ ತಟಸ್ಥರಾಗಿ ಉಳಿಯುವಂತಿಲ್ಲ, ಎಲ್ಲರೂ ಆ ಕಡೆ ಇಲ್ಲ ಈ ಕಡೆ ಫಲಕ ಎತ್ತಲೇಬೇಕು ಎಂದಳು. ಅಧ್ಯಕ್ಷರ ತೀರ್ಪಿನ ವಿರುದ್ಧ ಯಾರು ಎಂದು ಕೇಳಿದಾಗ ಫಲಕಗಳು ಒಂದೊಂದಾಗಿ ಎದ್ದವು. ನಾರ್ವೆಯದೂ ಎದ್ದಿತು. ಟೋವಾ ಎತ್ತಿದಳು, ಎಲ್ಲರಿಗಿಂತ ಎತ್ತರಕ್ಕೆ. ಅಕ್ಕನನ್ನೇ ನೋಡುತ್ತಿದ್ದಳು. ಬೆರಿಟ್ ಎಣಿಸುವುದನ್ನು ಕಾಯಲಿಲ್ಲ. ಪೀಠದಿಂದ ಇಳಿದು, ಮೇಜುಗಳ ನಡುವೆ ನಡೆದು ಹೊರಗೆ ಹೋದಳು.

*

ಹೊರಗಿನ ಪಡಸಾಲೆಯಲ್ಲಿ ಉದ್ದಕ್ಕೂ ಹಿಮದ ಬೂಟುಗಳು, ಕೋಟುಗಳು. ಬೆರಿಟ್ ಗೋಡೆಗೆ ಒರಗಿ ಜಮಖಾನದ ಮೇಲೆ ಕೂತಳು. ಇನ್ನು ಕೆಳಗಿನ ಮಹಡಿಯಲ್ಲಿರುವ ಸಮ್ಮೇಳನದ ಮಹಾಕಾರ್ಯದರ್ಶಿಗೆ ಸುದ್ದಿ ಹೋಗುತ್ತದೆ, ಬೈಗುಳ ಬರುತ್ತದೆ, ಮುಂದಿನ ವರ್ಷ ಪೀಠ ಇಲ್ಲ. ಅದೆಲ್ಲ ಅವಳಿಗೆ ತಟ್ಟಲಿಲ್ಲ. ಅರ್ಧ ತೆರೆದ ಬಾಗಿಲಿನಿಂದ ತಂಗಿಯ ದನಿ ಬರುತ್ತಿತ್ತು. ಟೋವಾಗೆ ಹತ್ತು ನಿಮಿಷ ಸಿಕ್ಕಿತ್ತು. ನದಿಯ ಬಗ್ಗೆ ಮಾತಾಡುತ್ತಿದ್ದಳು, ಪೂರ್ತಿ ಪರಾಗ್ವೆಯಾಗಿ, ಒಂದು ಸಲವೂ ತಪ್ಪದೆ. ಬೆರಿಟ್ ಕಣ್ಣು ಮುಚ್ಚಿ ಕೇಳಿದಳು. ಇಷ್ಟು ಹೊತ್ತು ಅವಳ ದನಿ ಕೇಳಿ ಎಷ್ಟು ಕಾಲವಾಗಿತ್ತು! ಚಪ್ಪಾಳೆಯಾಯಿತು. ನಾರ್ವೆಯ ಹುಡುಗನಿಗೆ ಎರಡು ನಿಮಿಷ, ಇನ್ಯಾರಿಗೋ ಎರಡು.

ಆಮೇಲೆ ಹೊದಾನ್ ದನಿ: "ಈಗ ಮತದಾನ. ಬಾಗಿಲು ಮುಚ್ಚಿ. ಮುಚ್ಚಿದ ಮೇಲೆ ಯಾರೂ ಒಳಗೆ ಬರುವಂತಿಲ್ಲ, ಹೊರಗೆ ಹೋಗುವಂತಿಲ್ಲ."

ಬಾಗಿಲು ಅಲುಗಿತು. ಮುಚ್ಚುವ ಮೊದಲು ಯಾರೋ ಹೊರಗೆ ಬಂದರು. ಹಿಮದ ಬೂಟು.

ಬೆರಿಟ್ ಗಡಬಡಿಸಿ ಎದ್ದಳು. "ಏನಿದು? ಒಳಗೆ ಹೋಗು! ಮತದಾನ ಕಣೇ. ನಿನ್ನ ತಿದ್ದುಪಡಿ. ಒಂದು ಮತ ಕಮ್ಮಿ ಆದ್ರೂ ಬಿದ್ದು ಹೋಗುತ್ತೆ."

"ಬೀಳ್ಲಿ."

"ಎರಡು ದಿನ ಓಡಾಡಿದ್ದೀಯ. ಹೋಗು ಟೋವಾ, ಬಾಗಿಲು ಇನ್ನೂ ತೆಗ್ದಿದೆ."

"ಬೀಳ್ಲಿ ಅಂದ್ನಲ್ಲ."

ಬಾಗಿಲು ಮುಚ್ಚಿತು. ಟೋವಾ ಎದುರಿನ ಗೋಡೆಗೆ ಒರಗಿ ಕೂತಳು. ನಡುವೆ ಬೂಟುಗಳ ಸಾಲು. ಒಳಗೆ ಹೊದಾನ್ ಒಂದೊಂದೇ ದೇಶ ಕೂಗುತ್ತಿದ್ದುದು ಗೋಡೆಯಾಚೆ ಮಂಕಾಗಿ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ 'ಓಹ್' ಎಂಬ ಸದ್ದು, ಆಮೇಲೆ ಧ್ವನಿವರ್ಧಕದಲ್ಲಿ ಸ್ಪಷ್ಟವಾಗಿ: ಹತ್ತೊಂಬತ್ತು ಪರ, ಹತ್ತೊಂಬತ್ತು ವಿರುದ್ಧ, ಒಂದು ತಟಸ್ಥ. ಸಮವಾದರೆ ತಿದ್ದುಪಡಿ ಬೀಳುತ್ತದೆ. ಟೋವಾ ತುಟಿ ಕಚ್ಚಿಕೊಂಡಳು, ಅಷ್ಟೇ.

"ಒಂದು ಕೇಳ್ತೀನಿ," ಎಂದಳು. "ಸುತ್ತಿ ಬಳಸಿ ಹೇಳ್ಬೇಡ."

"ಕೇಳು."

"ಅವತ್ತು ಆ ಹೆಂಗಸು ಕೇಳ್ದಾಗ, ನಿಂಗೆ ಉತ್ತರ ನಿಜವಾಗ್ಲೂ ಗೊತ್ತಿರ್ಲಿಲ್ವಾ? ಇಲ್ಲಾ ಗೊತ್ತಿತ್ತಾ?"

ಗೊತ್ತಿರಲಿಲ್ಲ ಎಂದರೆ ಅರ್ಧ ಕ್ಷಮೆ ಈಗಲೇ ಸಿಗುತ್ತಿತ್ತು. ತಂಗಿಯ ಮುಖದಲ್ಲಿ ಆ ಆಸೆ ಕಾಣುತ್ತಿತ್ತು. ಚಿಕ್ಕವಳಿದ್ದೆ, ಗಾಬರಿಯಾಗಿತ್ತು, ಏನೂ ತೋಚಲಿಲ್ಲ ಎನ್ನಬಹುದಿತ್ತು.

"ಗೊತ್ತಿತ್ತು," ಎಂದಳು ಬೆರಿಟ್.

"ಏನು?"

"ನೀನು. ಅಪ್ಪ ಅಲ್ಲ, ಅಮ್ಮ ಅಲ್ಲ. ನೀನು."

ಟೋವಾಳಿಗೆ ಅಳು ಉಕ್ಕಿಬಂತು. ಮೊಣಕಾಲಿಗೆ ಹಣೆ ಒತ್ತಿ ಅತ್ತಳು, ಸದ್ದು ಮಾಡದೆ ಅಳುವುದನ್ನು ಕಲಿತವಳ ಹಾಗೆ. ಬೆರಿಟ್ ಬೂಟುಗಳನ್ನು ದಾಟಿ ಬಂದು ಪಕ್ಕದಲ್ಲಿ ಕೂತಳು. ಭುಜದ ಮೇಲೆ ಕೈಯಿಡಲು ಹೋದರೆ ಟೋವಾ ಭುಜ ಕೊಡವಿದಳು. ಆದರೆ ಎದ್ದು ಹೋಗಲಿಲ್ಲ.

"ಗೊತ್ತಿರ್ಲಿಲ್ಲ ಅಂದಿದ್ರೆ ಚೆನ್ನಾಗಿತ್ತು," ಎಂದಳು ಮೂಗು ಒರೆಸಿಕೊಳ್ಳುತ್ತ. "ಮೂರು ವರ್ಷ ನಾನು ಅದನ್ನೇ ಅಂದ್ಕೊಂಡಿದ್ದೆ. ಅವಳಿಗೆ ನಾನು ಅಷ್ಟೊಂದು ಮುಖ್ಯ ಅಲ್ವೇನೋ, ಅದಕ್ಕೆ ಹೇಳ್ಲಿಲ್ಲ ಅಂತ. ಈಗ ನೋಡಿದ್ರೆ ಮುಖ್ಯ ಆಗಿದ್ರೂ ಹೇಳ್ಲಿಲ್ಲ ನೀನು. ಯಾವುದು ಹೆಚ್ಚು ಅನ್ಯಾಯ, ಹೇಳು?"

"ಇದೇ ಹೆಚ್ಚು."

"ಹೌದು. ಇದೇ."

ಬಾಗಿಲು ತೆರೆಯಿತು. ಮಕ್ಕಳು ಗದ್ದಲ ಮಾಡುತ್ತ ಹೊರಗೆ ಬಂದು ಬೂಟಿಗೆ ಕೈ ಹಾಕಿದರು, ಇವರಿಬ್ಬರನ್ನು ಕಂಡು ಸದ್ದು ತಗ್ಗಿಸಿದರು. ಡುಲೂತ್ ಶಾಲೆಯ ಮೇಷ್ಟ್ರು ಪಡಸಾಲೆಯ ಕೊನೆಯಲ್ಲಿ ನಿಂತು, ಹಿಮ ಜೋರಾಗುತ್ತಿದೆ, ಬಸ್ಸು ಬೇಗ ಹೊರಡುತ್ತದೆ, ಇಪ್ಪತ್ತು ನಿಮಿಷದಲ್ಲಿ ಎಲ್ಲರೂ ಕೆಳಗಿರಬೇಕು ಎಂದು ಕೂಗಿದರು. ಟೋವಾ ಎದ್ದಳು. ಕೋಟು ಹುಡುಕಿ ಹಾಕಿಕೊಂಡಳು, ಗುಂಡಿ ಹಾಕಲು ತುಂಬ ಹೊತ್ತು ತೆಗೆದುಕೊಂಡಳು. ಬೆರಿಟ್ ಎದ್ದು ನಿಂತು ನೋಡುತ್ತಿದ್ದಳು. ತಬ್ಬಿಕೊಳ್ಳಲೇ ಎಂದು ಕೇಳಲು ಬಾಯಿ ಬರಲಿಲ್ಲ, ಕೇಳದೆ ತಬ್ಬಿಕೊಳ್ಳಲು ಧೈರ್ಯವಾಗಲಿಲ್ಲ.

ನಾಲ್ಕು ಹೆಜ್ಜೆ ಹೋದ ಮೇಲೆ ಟೋವಾ ತಿರುಗಿದಳು.

"ನಾಳೆ ಅಮ್ಮ ಮಧ್ಯಾಹ್ನದ ಪಾಳಿ. ಮನೇಲಿ ನಾನೊಬ್ಳೇ. ಫೋನ್ ಮಾಡು."

"ಮಾಡ್ತೀನಿ."

"ಮಾತಾಡ್ತೀನಿ ಅಂತ ಹೇಳ್ತಿಲ್ಲ ನಾನು. ಮಾತಾಡ್ದೇನೂ ಇರಬಹುದು."

"ಮಾತಾಡದಿದ್ರೆ?"

"ಮತ್ತೆ ಮಾಡು," ಎಂದಳು ಟೋವಾ. "ನಾನು ಬೇಡ ಅಂದ್ರೂ ಮಾಡು. ನಿನಗೆ ಬೇಕು ಅಂತ ನನಗೆ ಗೊತ್ತಾಗ್ಬೇಕು."